ಎದೆಯೊಳಗಿನ ಪಂಪ್‌ಸೆಟ್ಟು



ಕೂಟದ ಈ ಪುಟಕ್ಕೆ ನಾಟಕದ ವರದಿ, ಪಿಕ್‌ನಿಕ್ ಫೋಟೋ ಹುಡುಕಿಕೊಂಡು ಬಂದವರು ಕ್ಷಮಿಸಬೇಕು. ಈ ಬಾರಿ ಸ್ವಲ್ಪ ಜೀವಶಾಸ್ತ್ರದ ಪಾಠ. ನಾನು ಡಾಕ್ಟರಲ್ಲ. ಕಂಪ್ಯೂಟರಿನಲ್ಲಿ ಎಂ.ಎಸ್. ಮಾಡಿ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಹೃದಯದ ಬಗ್ಗೆ ಬರೆಯುವ ಅಧಿಕಪ್ರಸಂಗ ನನಗೆ ಯಾಕೆ ಬಂತು ಎಂದು ಮೊದಲು ಹೇಳಿಬಿಡುತ್ತೇನೆ.

2023ರ ಅಕ್ಟೋಬರಿನಲ್ಲಿ ಅಪ್ಪ ಅಮ್ಮ ನ್ಯೂಜೆರ್ಸಿಗೆ ನಮ್ಮ ಮನೆಗೆ ಬಂದಿದ್ದರು. ಅಪ್ಪ ಮಂಡ್ಯದ ಕಡೆಯ ರೈತರು. ರಾತ್ರಿ ಊಟ ಬೇಗ ಮುಗಿಸಿ ಒಂದು ಸುತ್ತು ನಡೆದು ಬರುವುದು ಅವರ ಅಭ್ಯಾಸ. ನಮ್ಮ ಬೀದಿಯ ಕೊನೆಗೆ ಒಂದು ಸಣ್ಣ ಏರು ಇದೆ. ಮೊದಲ ವಾರ ಸರಾಗವಾಗಿ ಹತ್ತುತ್ತಿದ್ದವರು ಮೂರನೇ ವಾರದಲ್ಲಿ ನಡುವೆಯೇ ನಿಂತು ಎದೆ ನೀವಿಕೊಳ್ಳತೊಡಗಿದರು. ಕೇಳಿದರೆ, "ಎದೇಲಿ ವಸಿ ಹಿಡ್ಕಂಡಂಗಾಯ್ತದೆ, ಗ್ಯಾಸು ಕಣಪ್ಪ" ಎಂದರು. ಎರಡು ನಿಮಿಷ ನಿಂತರೆ ಸರಿಹೋಗುತ್ತಿತ್ತು. ಮನೆಗೆ ಬಂದು ಇಂಗಿನ ಮಜ್ಜಿಗೆ ಕುಡಿದು, ಒಂದು ತೇಗು ಬಂದರೆ "ನೋಡ್ದಾ, ಹೋಯ್ತು" ಎನ್ನುತ್ತಿದ್ದರು. ನಾನೂ ನಂಬಿದೆ. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದಕ್ಕೆ ಗ್ಯಾಸು ಎಂದೇ ಹೆಸರಲ್ಲವೇ?

ನಾಲ್ಕನೇ ದಿನ ಬೆಳಗಿನ ಜಾವ ಸುಮ್ಮನೆ ಕುಳಿತಿದ್ದವರಿಗೇ ಎದೆ ಹಿಡಿದುಕೊಂಡಿತು, ಅಂಗಿ ಒದ್ದೆಯಾಗುವಷ್ಟು ಬೆವರು. 911ಕ್ಕೆ ಫೋನ್ ಮಾಡಲು ಹೋದರೆ ಅಪ್ಪ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಇದು: "ಬ್ಯಾಡ ಕಣೋ, ಇಲ್ಲಿ ಆಸ್ಪತ್ರೆಗೋದ್ರೆ ಮನೆ ಮಾರ್ಕೋಬೇಕು ಅಂತಾರೆ." ಮೂರು ದಿನ ಅವರು ನೋವನ್ನು ಗ್ಯಾಸು ಎಂದಿದ್ದರಲ್ಲಿ ಈ ಲೆಕ್ಕವೂ ಇತ್ತು ಎಂದು ಆಗ ಗೊತ್ತಾಯಿತು.

ಫೋನ್ ಮಾಡಿದೆ. ಒಳ್ಳೆಯದಾಯಿತು. ಹೃದಯದ ಎಡಗಡೆಯ ಮುಖ್ಯ ರಕ್ತನಾಳದ ಕವಲೊಂದು ಶೇ. 90 ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿದರು. ಡಾಕ್ಟರು ಒಂದು ಹಾಳೆಯಲ್ಲಿ ಹೃದಯದ ಚಿತ್ರ ಬರೆದು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ವಿವರಿಸಿದರು. "ಹಿಂದಿ ದುಭಾಷಿ ಬೇಕೇ?" ಎಂದೂ ಕೇಳಿದರು. ಅಪ್ಪನಿಗೆ ಹಿಂದಿ ಬರುವುದಿಲ್ಲ. ಕನ್ನಡದಲ್ಲಿ ಹೇಳುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ "ವೆಂಟ್ರಿಕಲ್" ಎನ್ನುವುದಕ್ಕೆ ಕನ್ನಡ ಪದವೇ ಬರಲಿಲ್ಲ. "ಕೆಳಗಡೆ ರೂಮು" ಎಂದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಅಪ್ಪ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ, "ಹೃತ್ಕುಕ್ಷಿ ಅನ್ನು" ಎಂದು ತಿದ್ದಿದರು! ಆಮೇಲಿನ ಆರು ವಾರ ಅಪ್ಪನಿಗೆ ನಾನು, ನನಗೆ ಅಪ್ಪ ಹೇಳಿಕೊಂಡ ಪಾಠವೇ ಈ ಲೇಖನ.

ಎರಡು ಪಂಪು, ನಾಲ್ಕು ಫುಟ್‌ವಾಲ್ವು

ಹೃದಯ ಅವರವರ ಮುಷ್ಟಿಯ ಗಾತ್ರದ್ದು, ತೂಕ ಸುಮಾರು 300 ಗ್ರಾಂ. ಸಿನಿಮಾದಲ್ಲಿ ತೋರಿಸುವಂತೆ ಪೂರ್ತಿ ಎಡಕ್ಕಿಲ್ಲ, ಎದೆಯ ನಡುವೆಯೇ ಇದೆ. ಅದರ ತುದಿ ಮಾತ್ರ ಎಡಕ್ಕೆ ವಾಲಿದೆ. ಒಂದೇ ಅಂಗದಂತೆ ಕಂಡರೂ ಅದು ಒಟ್ಟಿಗೆ ಹೊಲಿದಿಟ್ಟ ಎರಡು ಪಂಪುಗಳು. ಬಲಗಡೆಯದು ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಗಡೆಯದು ತಲೆಯಿಂದ ಕಾಲಿನ ಹೆಬ್ಬೆರಳಿನವರೆಗೆ ಇಡೀ ದೇಹಕ್ಕೆ ಕಳಿಸುತ್ತದೆ. ಎರಡರಲ್ಲೂ ಮೇಲೊಂದು, ಕೆಳಗೊಂದು ಕೋಣೆ. ಮೇಲಿನದು ಹೃತ್ಕರ್ಣ, ಕೆಳಗಿನದು ಹೃತ್ಕುಕ್ಷಿ. ಹೃತ್ಕರ್ಣ ಬಂದ ರಕ್ತವನ್ನು ಕೂಡಿಟ್ಟು ಕೆಳಗೆ ಇಳಿಸುವ ತೊಟ್ಟಿ. ನಿಜವಾಗಿ ದೂಡುವ ಕೆಲಸ ಹೃತ್ಕುಕ್ಷಿಯದು.

ರಕ್ತದ ದಾರಿ ಹೀಗೆ. ದೇಹ ಸುತ್ತಿ ಬಂದ ರಕ್ತ ಬಲ ಹೃತ್ಕರ್ಣಕ್ಕೆ ಬಂದು, ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಇಂಗಾಲದ ಡೈ ಆಕ್ಸೈಡ್ ಬಿಟ್ಟು, ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳುತ್ತದೆ. ಎಡ ಹೃತ್ಕುಕ್ಷಿ ಅದನ್ನು ಮಹಾಪಧಮನಿಗೆ ದೂಡಿದರೆ ಮತ್ತೆ ದೇಹದ ಸುತ್ತು ಶುರು. ಅಂದರೆ ಒಂದು ಪೂರ್ತಿ ಸುತ್ತಿನಲ್ಲಿ ರಕ್ತ ಎರಡು ಸಲ ಹೃದಯಕ್ಕೆ ಬರುತ್ತದೆ. ಬಲಗಡೆಯ ಕೆಲಸ ಹಗುರ, ಯಾಕೆಂದರೆ ಶ್ವಾಸಕೋಶ ಹತ್ತಿರ. ಅಲ್ಲಿ ಒತ್ತಡ ಸುಮಾರು 25ಕ್ಕೆ ಮುಟ್ಟಿದರೆ ಸಾಕು. ಎಡಗಡೆ 120 ಬೇಕು. ಹಾಗಾಗಿ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ನನ್ನ ಮಗಳ ಪಾಠದ ಪುಸ್ತಕದಲ್ಲಿ ಬಲಗಡೆಗೆ ನೀಲಿ ಬಣ್ಣ ಬಳಿದಿದ್ದಾರೆ. ಅದು ಚಿತ್ರದ ಅನುಕೂಲಕ್ಕೆ ಮಾತ್ರ. ನೀಲಿ ರಕ್ತ ಯಾರಿಗೂ ಇಲ್ಲ, ಆಮ್ಲಜನಕ ಕಡಿಮೆಯಾದ ರಕ್ತ ಕಪ್ಪುಗೆಂಪು ಅಷ್ಟೆ.

ಕವಾಟದ ವಿಚಾರಕ್ಕೆ ಬಂದಾಗ ಪಾಠ ಹೇಳಿದವರು ಅಪ್ಪ. "ಇದು ಫುಟ್‌ವಾಲ್ವು ಕಣಪ್ಪ" ಎಂದರು. ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆಲ್ಲ ಗೊತ್ತು, ನೀರಿನೊಳಗಿರುವ ಪೈಪಿನ ಬುಡದಲ್ಲಿ ಒಂದು ಫುಟ್‌ವಾಲ್ವ್ ಇರುತ್ತದೆ. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದು "ಬಿಟ್ಟುಕೊಂಡರೆ" ಪೈಪಿನಲ್ಲಿರುವ ನೀರೆಲ್ಲ ಬಾವಿಗೇ ವಾಪಸ್, ಮೋಟಾರು ಎಷ್ಟು ತಿರುಗಿದರೂ ಹೊಲಕ್ಕೆ ಹನಿ ಬರುವುದಿಲ್ಲ. ಹೃದಯದ ನಾಲ್ಕು ಕವಾಟಗಳ ಕೆಲಸವೂ ಅಷ್ಟೇ. ಅವುಗಳಿಗೆ ಸ್ವಿಚ್ಚಿಲ್ಲ, ಯಾರೂ ತೆರೆಯಬೇಕಿಲ್ಲ. ಹಿಂದಿನ ಒತ್ತಡ ಹೆಚ್ಚಾದರೆ ತೆರೆದುಕೊಳ್ಳುತ್ತವೆ, ಮುಂದಿನದು ಹೆಚ್ಚಾದರೆ ಮುಚ್ಚಿಕೊಳ್ಳುತ್ತವೆ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳುವ "ಲಬ್ ಡಬ್" ಈ ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಹೃತ್ಕರ್ಣ ಹೃತ್ಕುಕ್ಷಿಗಳ ನಡುವಿನ ಎರಡು ಮುಚ್ಚಿದಾಗ ಲಬ್, ಹೊರಹೋಗುವ ದಾರಿಯ ಎರಡು ಮುಚ್ಚಿದಾಗ ಡಬ್. ಯಾವುದಾದರೂ ಸೋರಿದರೆ ಅಥವಾ ಕಿರಿದಾದರೆ ನಡುವೆ ಒಂದು ಸುಯ್ ಎನ್ನುವ ಸದ್ದು ಸೇರುತ್ತದೆ.

ಈ ಪಂಪಿಗೆ ಕರೆಂಟು ಎಲ್ಲಿಂದ ಎಂಬುದು ಅಪ್ಪನ ಮುಂದಿನ ಪ್ರಶ್ನೆ. ಮಂಡ್ಯದ ರೈತರು ಕೇಳಲೇಬೇಕಾದ ಪ್ರಶ್ನೆ! ಹೃದಯಕ್ಕೆ ಹೊರಗಿನ ಲೈನು ಬೇಕಿಲ್ಲ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಎಸ್.ಎ. ನೋಡ್ ಎಂಬ ಜೀವಕೋಶಗಳ ಸಣ್ಣ ಗುಂಪಿದೆ. ಅದು ತನ್ನಷ್ಟಕ್ಕೆ ತಾನೇ ನಿಮಿಷಕ್ಕೆ ಇಷ್ಟು ಸಲ ಎಂದು ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ಮಿಡಿತ ಮೊದಲು ಹೃತ್ಕರ್ಣಗಳಿಗೆ ಹರಡಿ, ನಡುವಿನ ಎ.ವಿ. ನೋಡ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಆಮೇಲೆ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಆ ಪುಟ್ಟ ತಡೆ ಇಲ್ಲದಿದ್ದರೆ ಮೇಲಿನ ತೊಟ್ಟಿ ಖಾಲಿಯಾಗುವ ಮುಂಚೆಯೇ ಕೆಳಗಿನ ಪಂಪು ಹಿಂಡಿಬಿಡುತ್ತಿತ್ತು. ಪ್ರೋಗ್ರಾಂ ಬರೆಯುವವರಿಗೆ ಇಂಥ ತಡೆ ಹಾಕುವ ಕಷ್ಟ ಗೊತ್ತು. ಮೆದುಳಿನ ನರಗಳು ಹೃದಯದ ವೇಗ ಏರಿಸಿ ಇಳಿಸಬಲ್ಲವು, ಆದರೆ ಅವಿಲ್ಲದೆಯೂ ಅದು ಬಡಿಯುತ್ತದೆ. ಬದಲಿ ಹೃದಯ ಜೋಡಿಸಿದವರಲ್ಲಿ ನರಗಳೆಲ್ಲ ಕತ್ತರಿಸಿಹೋಗಿದ್ದರೂ ಹೊಸ ಹೃದಯ ಬಡಿಯುವುದು ಹೀಗೆ.

ಲೆಕ್ಕ ನೋಡಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 70 ಬಡಿತ. ಗುಣಿಸಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್. ನಮ್ಮ ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು 5 ಲೀಟರೇ! ದಿನಕ್ಕೆ ಒಂದು ಲಕ್ಷ ಬಡಿತ, 7 ಸಾವಿರ ಲೀಟರ್. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ತರಿಸುವ ಒಂದು ಸಣ್ಣ ನೀರಿನ ಟ್ಯಾಂಕರಿನಷ್ಟು. ಇಷ್ಟು ದೂಡಲು ಅದು ಮಾಡುವ ಕೆಲಸ ಒಂದು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ. "ನಮ್ಮದು ಐದು ಹೆಚ್‌ಪಿ ಮೋಟ್ರು, ವರ್ಷಕ್ಕೆರಡು ಸತಿ ಸುಟ್ಟೋಯ್ತದೆ" ಎಂದು ಅಪ್ಪ ನಿಟ್ಟುಸಿರು ಬಿಟ್ಟರು.

ನಾಲೆಯ ನೀರು ವಾಪಸ್ ಬರುವುದಿಲ್ಲವಲ್ಲ?

ರಕ್ತನಾಳಗಳನ್ನು ವಿವರಿಸಲು ನಾನು ವಿಶ್ವೇಶ್ವರಯ್ಯ ನಾಲೆಯನ್ನು ತಂದೆ. ಕನ್ನಂಬಾಡಿಯಿಂದ ದೊಡ್ಡ ನಾಲೆ, ಅದರಿಂದ ಉಪನಾಲೆ, ಅದರಿಂದ ಹೊಲಗಾಲುವೆ. ಹಾಗೆಯೇ ಮಹಾಪಧಮನಿ, ಅಪಧಮನಿ, ಕಿರು ಅಪಧಮನಿ, ಕೊನೆಗೆ ಕೂದಲಿಗಿಂತ ಸಣ್ಣ ಲೋಮನಾಳ. ಅಪ್ಪ ಕೂಡಲೇ ತಪ್ಪು ಹಿಡಿದರು. "ಗದ್ದೆಗೆ ಬಿಟ್ಟ ನೀರು ಗದ್ದೆ ಕುಡೀತದೆ, ವಾಪಸ್ ಕನ್ನಂಬಾಡಿಗೆ ಹೋಗಲ್ವಲ್ಲ?"

ಕೇಳಿದರೆ ಸೋಜಿಗವಾಗಬಹುದು, ಸುಮಾರು 1,400 ವರ್ಷ ಯುರೋಪಿನ ವೈದ್ಯರು ರಕ್ತವನ್ನು ನಾಲೆ ನೀರಿನ ಹಾಗೆಯೇ ತಿಳಿದಿದ್ದರು. ಎರಡನೇ ಶತಮಾನದ ಗೇಲನ್ ಎಂಬ ವೈದ್ಯನ ಪ್ರಕಾರ ತಿಂದ ಅನ್ನ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಅಂಗಾಂಗಗಳು ಅದನ್ನು ಕುಡಿದು ಮುಗಿಸುತ್ತವೆ. ಬಲ ಹೃತ್ಕುಕ್ಷಿಯಿಂದ ಎಡಕ್ಕೆ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ರಕ್ತ ಸೋರುತ್ತದೆ ಎಂದೂ ಅವನು ಹೇಳಿದ್ದ. ಆ ಗೋಡೆಯಲ್ಲಿ ರಂಧ್ರವಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರಬೇಕು ಎಂದು 13ನೇ ಶತಮಾನದಲ್ಲಿ ಡಮಾಸ್ಕಸ್ಸಿನಲ್ಲಿ ಹುಟ್ಟಿ ಕೈರೋದಲ್ಲಿದ್ದ ಇಬ್ನ್ ಅಲ್-ನಫೀಸ್ ಬರೆದ.

ಪೂರ್ತಿ ಸುತ್ತನ್ನು ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವಿ, 1628ರಲ್ಲಿ. ನನಗೆ ಹಾರ್ವಿ ಇಷ್ಟವಾಗುವುದು ಅವನು ಬಳಸಿದ ಆಯುಧಕ್ಕೆ. ಅದು ಬರೀ ಗುಣಾಕಾರ. ಒಂದು ಬಡಿತಕ್ಕೆ ಹೃದಯ ಎಷ್ಟು ರಕ್ತ ದೂಡುತ್ತದೆ ಎಂಬುದನ್ನು ಆದಷ್ಟು ಕಡಿಮೆಯೆಂದೇ ಇಟ್ಟುಕೊಂಡ. ಅರ್ಧ ಗಂಟೆಯ ಬಡಿತಗಳಿಂದ ಗುಣಿಸಿದ. ಬಂದ ಉತ್ತರ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚು! ಇಷ್ಟು ರಕ್ತವನ್ನು ಯಾವ ಯಕೃತ್ತೂ ಹೊಸದಾಗಿ ಮಾಡಲಾರದು, ಯಾರೂ ಅಷ್ಟು ಉಣ್ಣಲಾರರು. ಹಾಗಾದರೆ ಅದೇ ರಕ್ತ ತಿರುಗಿ ಬರುತ್ತಿರಬೇಕು.

ಅವನು ತೋರಿಸಿದ ಒಂದು ಪ್ರಯೋಗವನ್ನು ನೀವು ಈಗಲೇ ಮಾಡಬಹುದು, ಮಕ್ಕಳಿಗೆ ಬಹಳ ಖುಷಿಯಾಗುತ್ತದೆ. ಅಜ್ಜನ ಮುಂಗೈಯಲ್ಲಿ ಉಬ್ಬಿದ ಅಭಿಧಮನಿಯೊಂದನ್ನು ಆರಿಸಿ. ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ಸವರಿ. ನಾಳ ಚಪ್ಪಟೆಯಾಗುತ್ತದೆ. ಸವರಿದ ಬೆರಳನ್ನು ಎತ್ತಿದರೂ ಮೇಲಿನಿಂದ ರಕ್ತ ಕೆಳಕ್ಕೆ ಬರುವುದಿಲ್ಲ, ಕವಾಟ ತಡೆಯುತ್ತದೆ. ಮಣಿಕಟ್ಟಿನ ಬೆರಳು ಬಿಟ್ಟ ತಕ್ಷಣ ಕೆಳಗಿನಿಂದ ತುಂಬಿಕೊಳ್ಳುತ್ತದೆ. ಅಂದರೆ ಅಭಿಧಮನಿಗಳಲ್ಲಿ ರಕ್ತ ಹೃದಯದ ಕಡೆಗೆ ಮಾತ್ರ ಹೋಗುತ್ತದೆ.

ಹಾರ್ವಿಗೆ ಒಂದೇ ಕೊಂಡಿ ಸಿಗಲಿಲ್ಲ. ಅಪಧಮನಿಯಿಂದ ರಕ್ತ ಅಭಿಧಮನಿಗೆ ದಾಟುವುದು ಎಲ್ಲಿ? ಅವನ ಬಳಿ ಅದನ್ನು ಕಾಣಿಸುವ ಸೂಕ್ಷ್ಮದರ್ಶಕ ಇರಲಿಲ್ಲ. 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ನಂತರ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ.

ನಿಜವಾದ ವ್ಯಾಪಾರ ನಡೆಯುವುದು ಆ ಲೋಮನಾಳಗಳಲ್ಲೇ. ಅವು ಎಷ್ಟು ಕಿರಿದೆಂದರೆ ಕೆಂಪು ರಕ್ತಕಣಗಳು ಸಾಲಾಗಿ, ಕೆಲವು ಕಡೆ ಮೈ ಮಡಚಿಕೊಂಡು ನುಸುಳಬೇಕು. ಮಹಾಪಧಮನಿಯಲ್ಲಿ ಸೆಕೆಂಡಿಗೆ ಹತ್ತಾರು ಸೆಂಟಿಮೀಟರ್ ಓಡುವ ರಕ್ತ ಇಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆ ವೇಗದಲ್ಲಿ ತೆವಳುತ್ತದೆ. ಒಂದೊಂದು ನಾಳ ಕಿರಿದಾದರೂ ಅಷ್ಟೂ ಸೇರಿದರೆ ದಾರಿ ಬಹಳ ಅಗಲ, ಹೊಳೆ ಕೆರೆಗೆ ಬಂದು ನಿಧಾನವಾದ ಹಾಗೆ. ಆ ನಿಧಾನದಲ್ಲೇ ಆಮ್ಲಜನಕ, ಸಕ್ಕರೆ ಇಳಿಸಿ ಕಸ ಹತ್ತಿಸಿಕೊಳ್ಳುವುದು. ಎಲ್ಲ ರಕ್ತನಾಳ ಜೋಡಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತದೆ ಎಂದು ವಾಟ್ಸಾಪಿನಲ್ಲಿ ಓಡಾಡುವ ಲೆಕ್ಕ ಬಹಳ ಹಳೆಯ ಅಂದಾಜು. ಈಚಿನ ಲೆಕ್ಕಗಳು ಅದಕ್ಕಿಂತ ತುಂಬ ಕಡಿಮೆ ಹೇಳುತ್ತವೆ, ನಂಬಬೇಡಿ.

ವಾಪಸ್ ಬರುವ ಅಭಿಧಮನಿಗಳಲ್ಲಿ ಒತ್ತಡ ತೀರಾ ಕಡಿಮೆ, ಆದರೆ ದೇಹದ ಅರ್ಧಕ್ಕಿಂತ ಹೆಚ್ಚು ರಕ್ತ ಯಾವಾಗಲೂ ಅವುಗಳಲ್ಲೇ ಇರುತ್ತದೆ. ಕಾಲಿನಿಂದ ರಕ್ತ ಮೇಲೇರಲು ಮೀನಖಂಡದ ಸ್ನಾಯು ಹಿಂಡಬೇಕು, ಕವಾಟ ತಡೆದು ನಿಲ್ಲಿಸಬೇಕು. ಬೆಂಗಳೂರಿನಿಂದ ಇಲ್ಲಿಗೆ ಇಪ್ಪತ್ತು ಗಂಟೆಗೂ ಹೆಚ್ಚು ಕಾಲು ಮಡಚಿ ಕೂತರೆ ಆ ಪಂಪು ನಿಂತಂತೆಯೇ. ನಿಂತ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಬಂದರೆ ಎಲ್ಲಿಗೆ ಹೋಗುತ್ತದೆ? ಮೇಲಿನ ದಾರಿಯನ್ನು ಒಮ್ಮೆ ನೆನೆಸಿಕೊಳ್ಳಿ. ಕಾಲಿನಿಂದ ಬಲ ಹೃದಯದವರೆಗೆ ದಾರಿ ಅಗಲವಾಗುತ್ತಲೇ ಹೋಗುತ್ತದೆ, ಮೊದಲು ಸಿಗುವ ಜರಡಿ ಶ್ವಾಸಕೋಶ. ಅದಕ್ಕೇ ಕಾಲಿನ ಹೆಪ್ಪು ಸಿಕ್ಕಿಬೀಳುವುದು ಸಾಮಾನ್ಯವಾಗಿ ಶ್ವಾಸಕೋಶದಲ್ಲಿ. ವಿಮಾನ ಇಳಿದ ಕೆಲವು ದಿನಗಳಲ್ಲಿ ಒಂದೇ ಕಾಲು ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ "ಜೆಟ್‌ಲ್ಯಾಗ್" ಎಂದು ಮಲಗಿಸಬೇಡಿ. ಅಪ್ಪ ಅಮ್ಮ ಬರುವಾಗ ವಿಮಾನದಲ್ಲಿ ಆಗಾಗ ಎದ್ದು ಓಡಾಡಲು, ಕೂತಲ್ಲೇ ಪಾದ ಆಡಿಸಲು ಹೇಳಿ. ವೀಲ್‌ಚೇರ್ ಸಿಗುತ್ತದೆ ಎಂದು ಸೀಟಿನಿಂದ ಏಳದೆಯೇ ಬರುವವರು ನಮ್ಮಲ್ಲಿ ಬಹಳ ಮಂದಿ.

ಬಿ.ಪಿ. ಎಂದರೆ ಅಪಧಮನಿಯ ಗೋಡೆಯ ಮೇಲೆ ರಕ್ತದ ಒತ್ತಡ. ಹೃದಯ ಹಿಂಡಿದಾಗಿನದು ಮೇಲಿನ ಅಂಕೆ, ಸಡಿಲವಾದಾಗಿನದು ಕೆಳಗಿನದು. ಸಡಿಲವಾದಾಗಲೂ ಅದು ಸೊನ್ನೆಗಿಳಿಯದಿರಲು ಮಹಾಪಧಮನಿಯ ಎಳೆತ ಕಾರಣ. ರಬ್ಬರಿನಂತೆ ಹಿಗ್ಗಿ, ಆಮೇಲೆ ಕುಗ್ಗುತ್ತಾ ರಕ್ತವನ್ನು ಮುಂದೆ ದೂಡುತ್ತಿರುತ್ತದೆ. 1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಸಿಕ್ಕಿಸಿ ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು ಪ್ರಕಟಿಸಿದ. ಈಗ ಕೈಗೆ ಪಟ್ಟಿ ಸುತ್ತಿದರೆ ಸಾಕು, ನಮ್ಮ ಪುಣ್ಯ.

ಹೊಳೆ ದಂಡೆಯಲ್ಲಿದ್ದು ಕೊಳಾಯಿಗೆ ಕಾಯುವ ಪಾಡು

ಈಗ ಅಪ್ಪನ ಗ್ಯಾಸಿಗೆ ಬರೋಣ. ಹೃದಯದ ಕೋಣೆಗಳಲ್ಲಿ ಸದಾ ರಕ್ತ ತುಂಬಿರುತ್ತದೆ. ಆದರೆ ಗೋಡೆ ದಪ್ಪ, ಒಳಮೈಯ ತೆಳುವಾದ ಪದರ ಬಿಟ್ಟರೆ ಆ ರಕ್ತ ಸ್ನಾಯುವಿಗೆ ದಕ್ಕುವುದಿಲ್ಲ. ಹೃದಯಕ್ಕೂ ಬೇರೆ ನಲ್ಲಿ ಸಂಪರ್ಕ ಬೇಕು. ಅದೇ ಕೊರೊನರಿ ಅಪಧಮನಿಗಳು. ಮಹಾಪಧಮನಿ ಶುರುವಾಗುವಲ್ಲೇ ಕವಲೊಡೆದು ಹೃದಯದ ಹೊರಮೈ ಮೇಲೆ ಹಬ್ಬುತ್ತವೆ. ವಿಶ್ರಾಂತಿಯಲ್ಲಿ ನಿಮಿಷದ 5 ಲೀಟರಿನಲ್ಲಿ ಕಾಲು ಲೀಟರಿನಷ್ಟು ಇವುಗಳಿಗೆ.

ಇಲ್ಲೊಂದು ತೊಡಕಿದೆ. ಎಡ ಹೃತ್ಕುಕ್ಷಿ ಹಿಂಡಿಕೊಂಡಾಗ ಗೋಡೆಯೊಳಗಿನ ಸಣ್ಣ ನಾಳಗಳೂ ಹಿಂಡಿಹೋಗುತ್ತವೆ. ಹಾಗಾಗಿ ಅದರ ಗೋಡೆಗೆ ರಕ್ತ ಸಿಗುವುದು ಮುಖ್ಯವಾಗಿ ಹೃದಯ ಸಡಿಲವಾದ ಹೊತ್ತಿನಲ್ಲಿ. ಬಡಿತ ಜೋರಾದಷ್ಟೂ ಸಡಿಲವಾಗುವ ಹೊತ್ತು ಕಡಿಮೆ, ಅಂದರೆ ಕೆಲಸ ಹೆಚ್ಚಿದಾಗಲೇ ಊಟದ ಬಿಡುವು ಕಡಿಮೆ. ಇನ್ನೊಂದು ತೊಡಕು, ಹೃದಯದ ಸ್ನಾಯು ಸುಮ್ಮನಿದ್ದಾಗಲೇ ಬಂದ ರಕ್ತದಿಂದ ಆಮ್ಲಜನಕದ ಹೆಚ್ಚಿನ ಪಾಲನ್ನು ಹೀರಿಕೊಂಡುಬಿಟ್ಟಿರುತ್ತದೆ. ಹೆಚ್ಚು ಬೇಕಾದರೆ ಹೆಚ್ಚು ರಕ್ತವೇ ಬರಬೇಕು, ಬೇರೆ ದಾರಿಯಿಲ್ಲ. ಆರೋಗ್ಯವಾಗಿದ್ದರೆ ನಾಳಗಳು ಹಿಗ್ಗಿ ಬರುತ್ತದೆ.

ಅಪ್ಪನ ನಾಳ ಕಿರಿದಾಗಿತ್ತು. ಕೊಳವೆಯ ಒಳ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ. ಬೇರೆಲ್ಲ ಹಾಗೇ ಇದ್ದರೆ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಮ್ಮನೆ ಕೂತಾಗ ಮುಂದಿನ ಸಣ್ಣ ನಾಳಗಳು ಹಿಗ್ಗಿಕೊಂಡು ಹೇಗೋ ಸರಿದೂಗಿಸುತ್ತವೆ, ಗೊತ್ತೇ ಆಗುವುದಿಲ್ಲ. ಊಟವಾದ ಮೇಲೆ ಕಿರು ಅಪಧಮನಿಗಳೆಂಬ ತೂಬುಗಳು ಹೊಟ್ಟೆ, ಕರುಳಿನ ಕಡೆಗೆ ತೆರೆದುಕೊಳ್ಳುತ್ತವೆ. ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟ ಹಾಗೆ, ದೇಹವೂ ಎಲ್ಲರಿಗೂ ಒಟ್ಟಿಗೆ ಪೂರ್ತಿ ಬಿಡುವುದಿಲ್ಲ. ಹೊಟ್ಟೆಗೆ ಹೆಚ್ಚು ಕೊಡಲು ಹೃದಯ ಹೆಚ್ಚು ದುಡಿಯಬೇಕು. ಅದರ ಮೇಲೆ ಏರು ಹತ್ತಿದರೆ ಕಾಲಿನ ಸ್ನಾಯುಗಳೂ ಕೇಳುತ್ತವೆ. ಅಷ್ಟು ಹೊತ್ತಿಗೆ ಹೃದಯದ ಗೋಡೆಗೆ ಸಾಲದೆ ಬಂದು ನೋವು ಹುಟ್ಟುತ್ತದೆ. ನಿಂತರೆ ಬೇಡಿಕೆ ಇಳಿದು ನೋವೂ ಇಳಿಯುತ್ತದೆ.

ಊಟವಾದ ಮೇಲೆ ಬರುತ್ತದೆ, ಎದೆಯ ನಡುವೆ ಬರುತ್ತದೆ, ಮಜ್ಜಿಗೆ ಕುಡಿದು ಕೂತರೆ ಹೋಗುತ್ತದೆ. ಗ್ಯಾಸೆಂದು ಯಾರಿಗೆ ಅನಿಸುವುದಿಲ್ಲ? ಹೋದದ್ದು ಮಜ್ಜಿಗೆಯಿಂದಲ್ಲ, ಕೂತದ್ದರಿಂದ. ಹೃದಯದ ನೋವಿನ ನರಗಳು ಬೆನ್ನುಹುರಿಯನ್ನು ಸೇರುವ ಜಾಗಕ್ಕೇ ತೋಳು, ಎದೆಯ ಮೈಚರ್ಮದ ನರಗಳೂ ಬರುತ್ತವೆ. ಮೆದುಳಿಗೆ ಗೊಂದಲವಾಗಿ ನೋವು ಎಡಗೈಯಲ್ಲಿ, ದವಡೆಯಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಬಹುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಆಯಾಸ, ಉಸಿರುಕಟ್ಟು, ಬೆವರು ಇರುವುದೂ ಉಂಟು. ಅಮ್ಮಂದಿರು "ಸುಸ್ತು" ಎಂದಾಗ ಇದು ನೆನಪಿರಲಿ.

ನಾಲ್ಕನೇ ದಿನದ್ದು ಬೇರೆ ಕಥೆ. ನಾಳದ ಗೋಡೆಯೊಳಗಿನ ಕೊಬ್ಬಿನ ಗಂಟು ಬಿರಿದರೆ ರಕ್ತ ಅದನ್ನು ಗಾಯವೆಂದು ತಿಳಿದು ಹೆಪ್ಪುಗಟ್ಟುತ್ತದೆ. ಕೈ ಕೊಯ್ದಾಗ ಕಾಪಾಡುವ ಅದೇ ಗುಣ ಇಲ್ಲಿ ನಾಳವನ್ನು ಮುಚ್ಚುತ್ತದೆ. ಆಚೆಗಿನ ಸ್ನಾಯು ನಿಮಿಷ ನಿಮಿಷಕ್ಕೆ ಸಾಯತೊಡಗುತ್ತದೆ. ಅದೇ ಹೃದಯಾಘಾತ. ಸಾಯುವ ಸ್ನಾಯುವಿನಿಂದ ಟ್ರೊಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ, ಆಸ್ಪತ್ರೆಯಲ್ಲಿ ಅದನ್ನೇ ಅಳೆಯುತ್ತಾರೆ. ಇನ್ನೊಂದು ಮಾತು: ಹೀಗೆ ಬಿರಿಯುವ ಗಂಟು ಮೊದಲೇ ದಾರಿ ಮುಚ್ಚಿರಬೇಕೆಂದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆ ಪಾಸಾದವರಿಗೂ ಆಗಬಹುದು.

ಆಸ್ಪತ್ರೆಯಿಂದ ಬರುವಾಗ ಕೊಟ್ಟ ಮಾತ್ರೆಗಳ ಅರ್ಥವೂ ಇದರಿಂದಲೇ ತಿಳಿಯುತ್ತದೆ. ಒಂದು ಬಡಿತ ನಿಧಾನ ಮಾಡಿ ಹೃದಯಕ್ಕೆ ಊಟದ ಬಿಡುವು ಹೆಚ್ಚಿಸುತ್ತದೆ. ಸ್ಟ್ಯಾಟಿನ್ ಗಂಟನ್ನು ಗಟ್ಟಿ ಮಾಡಿ ಬಿರಿಯದಂತೆ ನೋಡಿಕೊಳ್ಳುತ್ತದೆ. ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಹೆಪ್ಪು ತಡೆಯುತ್ತವೆ. ಸ್ಟೆಂಟ್ ಲೋಹದ ಜಾಲರಿ, ಅದರ ಮೇಲೆ ನಾಳದ ಒಳಪದರ ಬೆಳೆದು ಮುಚ್ಚುವವರೆಗೆ ರಕ್ತ ಅದನ್ನು ಪರಕೀಯವೆಂದೇ ನೋಡುತ್ತದೆ. ಊರಿಗೆ ಹೋದ ಮೇಲೆ "ಆರಾಮಾಗಿದೀನಲ್ಲ, ಇನ್ಯಾಕೆ ಮಾತ್ರೆ" ಎಂದು ಬಿಟ್ಟರೆ ಸ್ಟೆಂಟೇ ಒಮ್ಮೆಲೇ ಮುಚ್ಚಿಹೋಗಬಹುದು. ಅಪ್ಪ ಒಮ್ಮೆ ಹಾಗೆ ಬಿಡಲು ಹೊರಟಿದ್ದರು. ಫೋನಿನಲ್ಲಿ ಫುಟ್‌ವಾಲ್ವ್, ನಾಲೆಗಳನ್ನೆಲ್ಲ ಮತ್ತೆ ತಂದು ಒಪ್ಪಿಸಬೇಕಾಯಿತು. ಹಲ್ಲು ಕೀಳಿಸಲು, ಆಪರೇಷನ್ನಿಗೆ ನಿಲ್ಲಿಸಬೇಕೆಂದರೂ ಹೃದಯದ ಡಾಕ್ಟರನ್ನೇ ಕೇಳಬೇಕು.

ನಮ್ಮವರಿಗೆ ಬೇಗ

ಇದು ಅಪ್ಪಂದಿರ ಕಾಯಿಲೆ ಮಾತ್ರವಲ್ಲ. 2007ರಲ್ಲಿ ಪ್ರಕಟವಾದ ಬಹುದೇಶಗಳ ಅಧ್ಯಯನವೊಂದರಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದ ದೇಶಗಳಲ್ಲಿ 53, ಉಳಿದೆಡೆ ಹತ್ತಿರ ಹತ್ತಿರ 59 ಇತ್ತು. ಅಮೆರಿಕದ ಹೃದಯ ತಜ್ಞರ ಸಂಘಗಳ 2018ರ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ದಕ್ಷಿಣ ಏಷ್ಯಾದ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶವೆಂದು ಬರೆದಿದ್ದಾರೆ. 2021ರ ಅಕ್ಟೋಬರ್ 29ರಂದು 46 ವರ್ಷದ ಪುನೀತ್ ರಾಜ್‌ಕುಮಾರ್ ಹೋದ ಸುದ್ದಿ ಬಂದ ದಿನ ನಮ್ಮಲ್ಲಿ ಎಷ್ಟು ಜನ ತಮ್ಮ ವಯಸ್ಸು ಲೆಕ್ಕ ಹಾಕಿಕೊಳ್ಳಲಿಲ್ಲ ಹೇಳಿ. ಸಸ್ಯಾಹಾರಿ, ತೆಳ್ಳಗಿದ್ದೇನೆ ಎಂಬ ಧೈರ್ಯ ಸಾಲದು. ನಮ್ಮವರಿಗೆ ಹೊಟ್ಟೆಯ ಸುತ್ತ ಬೊಜ್ಜು, ಸಕ್ಕರೆ ಬೇಗ ಬರುತ್ತವೆ. ಬಿ.ಎಂ.ಐ. 25 ಅಲ್ಲ, 23 ದಾಟಿದರೇ ಏಷ್ಯಾದವರು ಎಚ್ಚರವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಜೊತೆಗೆ ವಂಶದಿಂದ ಬರುವ ಲಿಪೊಪ್ರೋಟೀನ್-ಎ ಎಂಬುದನ್ನು ಜೀವನದಲ್ಲಿ ಒಮ್ಮೆ ನೋಡಿಸಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ನಾನು ಕೇಳಿದೆ. ನಲವತ್ತಾಗುವ ಮುಂಚೆಯೇ ಸ್ಟ್ಯಾಟಿನ್ ನುಂಗುತ್ತಿದ್ದೇನೆ.

ಹೃದಯಾಘಾತಕ್ಕೂ ಹೃದಯಸ್ತಂಭನಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಪೈಪು ಕಟ್ಟುತ್ತದೆ, ಮನುಷ್ಯ ಸಾಮಾನ್ಯವಾಗಿ ಮಾತಾಡುತ್ತಿರುತ್ತಾನೆ. ಎರಡನೆಯದರಲ್ಲಿ ಕರೆಂಟು ಕೆಡುತ್ತದೆ. ಹೃದಯ ಹಿಂಡುವ ಬದಲು ಅದುರುತ್ತದೆ, ರಕ್ತ ನಿಲ್ಲುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು. ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು. ಆಗ ನಮ್ಮ ಕೈಯೇ ಪಂಪು. ಎದೆಯ ನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು, ಎರಡು ಇಂಚು ಇಳಿಯುವಷ್ಟು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲವಾದರೆ ಪಂಪು ತುಂಬುವುದಿಲ್ಲ. ಕವಾಟಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ದುಡ್ಡಿನ ಮಾತು. ಇಲ್ಲಿ 1986ರ ಕಾನೂನೊಂದರ ಪ್ರಕಾರ ತುರ್ತು ಚಿಕಿತ್ಸೆಗೆ ಬಂದವರನ್ನು, ಹಣ ಕಟ್ಟುವ ಶಕ್ತಿ ಕೇಳದೆ, ಪರೀಕ್ಷಿಸಿ ಅಪಾಯದಿಂದ ಪಾರುಮಾಡಬೇಕು. ಕೆಲವೇ ಆಸ್ಪತ್ರೆಗಳು ಇದಕ್ಕೆ ಹೊರತು. ಬಿಲ್ಲು ಬರುತ್ತದೆ, ನಿಜ. ನಮಗೂ ಬಂತು, ತಿಂಗಳುಗಟ್ಟಲೆ ಪತ್ರ ಬರೆದು, ಫೋನ್ ಮಾಡಿ, ಕಂತಿನಲ್ಲಿ ತೀರಿಸುತ್ತಿದ್ದೇವೆ. ವಿಸಿಟರ್ ಇನ್ಷೂರೆನ್ಸ್ ಕೊಳ್ಳುವಾಗ ಮೊದಲೇ ಇದ್ದ ಕಾಯಿಲೆಯ ಸಾಲುಗಳನ್ನು ಓದಿ, ಅಗ್ಗದ್ದೆಂದು ಕೊಳ್ಳಬೇಡಿ. ಅದಕ್ಕಿಂತ ಮುಖ್ಯ, ಅಪ್ಪ ಅಮ್ಮ ಬಂದ ಮೊದಲ ದಿನವೇ ಕೂರಿಸಿಕೊಂಡು "ಎದೆಯಲ್ಲಿ ಏನಾದರೂ ಆದರೆ ದುಡ್ಡಿನ ಯೋಚನೆ ನಿಮ್ಮದಲ್ಲ, ನಮಗೆ ಹೇಳಬೇಕು" ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಿರಲಿಲ್ಲ. ಕಾರಿನಲ್ಲಿ ನೀವೇ ಕರೆದೊಯ್ಯಬೇಡಿ, ಆಂಬುಲೆನ್ಸಿನಲ್ಲೇ ಇಸಿಜಿ ತೆಗೆದು ಆಸ್ಪತ್ರೆಗೆ ಮುಂಚೆಯೇ ತಿಳಿಸುತ್ತಾರೆ.

ಊರಿನಲ್ಲಿರುವ ತಂದೆತಾಯಿಯರಿಗೆ 108 ನಂಬರು ಗೊತ್ತಿರಲಿ. ಕರ್ನಾಟಕದಲ್ಲಿ ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಮುಂದಿನ ಭಾನುವಾರದ ಫೋನಿನಲ್ಲಿ ವಿಚಾರಿಸಿಡಿ.

ಕೊನೆಯದಾಗಿ ಕೂಟದ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ನಾವು ಹಬ್ಬಗಳಿಗೆ ಬಾಡಿಗೆ ಹಿಡಿಯುವ ಶಾಲೆಯ ಹಾಲ್‌ನಲ್ಲಿ ಗೋಡೆಗೆ ಎಇಡಿ ಪೆಟ್ಟಿಗೆ ಎಲ್ಲಿ ತೂಗುಹಾಕಿದ್ದಾರೆ ಎಂದು ಮುಂದಿನ ಕಾರ್ಯಕ್ರಮದಲ್ಲಿ ಊಟದ ಸಾಲು ಎಲ್ಲಿ ಎಂದು ಹೇಳುವಾಗಲೇ ಹೇಳಿಬಿಡಿ. ತೆರೆದರೆ ಅದೇ ಮಾತಾಡಿ ಏನು ಮಾಡಬೇಕೆಂದು ಹೇಳುತ್ತದೆ, ಇಂಗ್ಲಿಷಿನಲ್ಲಿ. ಲೇಖನದಲ್ಲಿ ತಪ್ಪುಗಳಿದ್ದರೆ ನಮ್ಮ ನಡುವಿನ ಡಾಕ್ಟರುಗಳು ದಯವಿಟ್ಟು ತಿದ್ದಬೇಕು. ಕನ್ನಡ ಪದಗಳಲ್ಲಿ ತಪ್ಪಿದ್ದರೆ ಅಪ್ಪನಿಗೆ ಫೋನ್ ಹಚ್ಚಿಕೊಡುತ್ತೇನೆ.